ಚಿತ್ರದ ಹೂವು ಬಾಡುವುದೆ?

ತೋಟದಲ್ಲಿ ಅರಳಿದ ಗುಲಾಬಿಯೊಂದನ್ನು ಕೊಯ್ದು ನೀರು ತುಂಬಿದ ಹೂದಾನಿಯಲ್ಲಿಟ್ಟರೆ ಅದು ಎಷ್ಟು ದಿನ ನಿಂತೀತು? ಮೂರು ದಿನ, ಬಹಳವೆಂದರೆ ಒಂದು ವಾರ. ಕತ್ತರಿಸಿದ ಗಳಿಗೆಯಿಂದಲೇ ಅದರ ಅವಸಾನವು ಮೊದಲಾಗಿರುತ್ತದೆ. ತೊಟ್ಟಿನೊಳಗಿನ ಸೂಕ್ಷ್ಮ ನಾಳಗಳಿಗೆ ಗಾಳಿಯ ಗುಳ್ಳೆಗಳು ಸೇರಿಕೊಳ್ಳುತ್ತವೆ. ಹೂದಾನಿಯ ನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯಗಳು ಆ ನಾಳಗಳ ಬಾಯನ್ನು ಮುಚ್ಚುತ್ತವೆ. ಎಲೆಗಳೂ ದಳಗಳೂ ಆವಿಯ ರೂಪದಲ್ಲಿ ಕಳೆದುಕೊಳ್ಳುವಷ್ಟು ನೀರನ್ನು ತೊಟ್ಟು ಮೇಲಕ್ಕೆ ಸಾಗಿಸಲಾರದೆ ಹೋಗುತ್ತದೆ. ಆಗ ಜೀವಕೋಶಗಳ ಬಿಗುವು ಸಡಿಲಿ ದಳಗಳು ಜೋಲುತ್ತವೆ, ಬಣ್ಣ ಮಾಸುತ್ತದೆ. ಎಣ್ಣೆಬಣ್ಣದ ದೊಡ್ಡ ಚಿತ್ರವೊಂದು ಮುಗಿಯಬೇಕಾದರೆ ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಹೀಗಿರುವಲ್ಲಿ ಹೂವನ್ನೇ ಎದುರಿಗಿಟ್ಟುಕೊಂಡು ಚಿತ್ರಿಸಹೊರಟವನು ಓಡುವ ಕಾಲದೊಡನೆ ಪಂದ್ಯ ಕಟ್ಟಿದಂತೆಯೇ ಸರಿ. ಫ್ರಾನ್ಸ್ ದೇಶದಲ್ಲಿ ಸುಮಾರು ಮುನ್ನೂರು ವರ್ಷಗಳ ಕಾಲ ಈ ಪಂದ್ಯವನ್ನು ಕಟ್ಟಿದವರ ವೃತ್ತಾಂತವನ್ನು ಇಲ್ಲಿ ನಿರೂಪಿಸಿದೆ. ಅವರು ಗೆದ್ದರೆ, ಸೋತರೆ? ಉತ್ತರ ಸುಲಭವಲ್ಲ. ಏಕೆಂದರೆ, ಹೂವು ಬಾಡಿದ ಮೇಲೂ ಉಳಿಯಬೇಕಾದ ಬಣ್ಣವು ತಾನೂ ಬಾಡಬಲ್ಲುದೆಂಬುದನ್ನು ರಸಾಯನಶಾಸ್ತ್ರವು ತೋರಿಸಿಕೊಟ್ಟಿದೆ.

ಹೂವು, ಹಣ್ಣು, ಪಾತ್ರೆ, ಪುಸ್ತಕ ಮೊದಲಾದ ಅಚಲ ವಸ್ತುಗಳನ್ನು ಜೋಡಿಸಿಟ್ಟು ಬರೆದ ಚಿತ್ರವನ್ನು ಡಚ್ಚರು ‘ಅಲುಗದ ಬದುಕು’ ಎಂಬರ್ಥದ ಮಾತಿನಿಂದ ಕರೆದರು. ಇಂಗ್ಲಿಷರು ಅದನ್ನೇ ತಮ್ಮ ಭಾಷೆಗೆ ತಂದುಕೊಂಡು ‘ಸ್ಟಿಲ್ ಲೈಫ್’ ಎಂದರು. ಫ್ರೆಂಚರು ಮಾತ್ರ ‘ನಾತ್ಯೂರ್ ಮೋರ್ತ್’ ಎಂದರು. ಎಂದರೆ, ಸತ್ತ ಪ್ರಕೃತಿ. ಹೆಸರಿನಲ್ಲಿಯೇ ಸ್ವಲ್ಪ ತಾತ್ಸಾರವಿದೆಯೆಂದು ತೋರಿದರೆ ಅದು ತಪ್ಪಲ್ಲ. ಹದಿನಾಲ್ಕನೆಯ ಲೂಯಿಯ ಆಸ್ಥಾನಕ್ಕೆ ಸೇರಿದ ಆಂದ್ರೆ ಫೆಲಿಬಿಯೆಂ ಎಂಬ ವಿದ್ವಾಂಸನು ೧೬೬೭ರಲ್ಲಿ ಚಿತ್ರಕಲೆಯ ಪ್ರಭೇದಗಳನ್ನು ಮೆಟ್ಟಿಲುಗಳಂತೆ ಜೋಡಿಸಿದನು. ಪುರಾಣ ಇತಿಹಾಸಗಳ ಚಿತ್ರಗಳಿಗೆ ಎಲ್ಲಕ್ಕೂ ಮೇಲಿನ ಮೆಟ್ಟಿಲು. ಹೂವು, ಹಣ್ಣು, ಚಿಪ್ಪುಗಳ ಚಿತ್ರಗಳಿಗೆ ಎಲ್ಲಕ್ಕೂ ಕೆಳಗಿನದು. ಮನುಷ್ಯನನ್ನು ಬರೆಯುವವನು ದೊಡ್ಡವನು, ಸೇವಂತಿಗೆಯನ್ನು ಬರೆಯುವವನು ಸಣ್ಣವನು ಎಂಬ ಈ ತೀರ್ಮಾನವು ಫ್ರಾನ್ಸಿನ ಕಲಾಶಾಲೆಗಳಲ್ಲಿ ಎರಡು ಶತಮಾನಗಳಷ್ಟು ಕಾಲ ನಡೆದುಬಂದಿತು. ಕೆಳಗಿನ ಮೆಟ್ಟಿಲಲ್ಲಿ ನಿಂತವರಿಗೆ ಆಶ್ರಯ ಕೊಟ್ಟದ್ದು ಬೇರೊಂದು ಮನೆ. ಅದು ವಿಜ್ಞಾನದ ಮನೆ.

ತೊಗಲಿನ ಮೇಲೆ ತೋಟ

ನಿಕೊಲಾ ರೊಬೇರ್ ಎಂಬ ಚಿತ್ರಕಾರನಿಂದ ಈ ಕಥೆಯನ್ನು ಆರಂಭಿಸಬಹುದು. ಆತನ ಹೆಸರು ಮೊದಲು ಬೆಳಕಿಗೆ ಬಂದುದು ಒಂದು ಪ್ರೇಮಪ್ರಸಂಗದಿಂದ. ಜೂಲಿ ದಾಂಜೆನ್ ಎಂಬ ಕುಲೀನ ಕನ್ಯೆಯನ್ನು ಒಲಿಸಿಕೊಳ್ಳಲು ವರ್ಷಗಟ್ಟಲೆ ಹೆಣಗಿದ ಶ್ರೀಮಂತನೊಬ್ಬನು ೧೬೪೧ರಲ್ಲಿ ಆಕೆಗೊಂದು ಪುಸ್ತಕವನ್ನು ಕಾಣಿಕೆಯಾಗಿ ಕೊಟ್ಟನು. ಅದರಲ್ಲಿ ಒಂದೊಂದು ಹೂವೂ ಆಕೆಯನ್ನು ಹೊಗಳುವ ಅರುವತ್ತಕ್ಕೂ ಹೆಚ್ಚು ಕಿರುಗವಿತೆಗಳು. ಹೂಗಳನ್ನು ಬರೆದವನು ರೊಬೇರ್. ಕವಿತೆಗಳನ್ನು ಓದುವವರು ಇಂದು ವಿರಳ. ಹೂಗಳು ಮಾತ್ರ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಹೊಸದಾಗಿಯೇ ಉಳಿದಿವೆ.

ದೊರೆಯ ಚಿಕ್ಕಪ್ಪನಾದ ಗಾಸ್ತೊಂ ಎಂಬವನು ಬ್ಲ್ವಾ ನಗರದ ತನ್ನ ಅರಮನೆಯಲ್ಲಿ ಅಪೂರ್ವ ಸಸ್ಯಗಳ ತೋಟವೊಂದನ್ನು ಬೆಳೆಸಿದ್ದನು. ಗಿಡಗಳು ಸತ್ತರೂ ಅವುಗಳ ರೂಪ ಉಳಿಯಬೇಕೆಂದು ಆತನು ರೊಬೇರನಿಂದ ಅವನ್ನು ಚಿತ್ರಿಸಿಸತೊಡಗಿದನು. ಕಾಗದದ ಮೇಲಲ್ಲ, ‘ವೆಲಂ’ ಎಂದು ಕರೆಯುವ, ಎಳೆಗರುವಿನ ತೊಗಲನ್ನು ಸುಣ್ಣದಲ್ಲಿ ನೆನೆಯಿಟ್ಟು, ಕೆರೆದು, ಬಿಗಿದು ಒಣಗಿಸಿ ಮಾಡಿದ ಹಾಳೆಗಳ ಮೇಲೆ. ಅದರ ಮೈ ದಂತದಂತೆ ನಯ. ಕಾಗದದಂತೆ ನೀರನ್ನು ಒಳಕ್ಕೆ ಹೀರದಿರುವುದರಿಂದ ಬಣ್ಣ ಮೇಲೆಯೇ ನಿಲ್ಲುತ್ತದೆ. ಕೂದಲೆಳೆಯಷ್ಟು ಸಣ್ಣ ಗೆರೆಯೂ ಹರಡುವುದಿಲ್ಲ. ದಳದ ಮೇಲಿನ ನವುರನ್ನು ತೋರಿಸಲು ಇದಕ್ಕಿಂತ ಒಳ್ಳೆಯ ನೆಲ ದೊರೆಯದು. ೧೬೬೦ರಲ್ಲಿ ಗಾಸ್ತೊಂ ತೀರಿಕೊಂಡ ಮೇಲೆ ಸಂಗ್ರಹವು ದೊರೆಯ ವಶಕ್ಕೆ ಬಂದಿತು. ೧೬೬೬ರಲ್ಲಿ ರೊಬೇರನೂ ದೊರೆಯ ನೌಕರನಾದನು. ೧೬೮೫ರಲ್ಲಿ ಆತನು ಸಾಯುವವರೆಗೆ ಹಾಳೆಗಳು ಒಂದರಮೇಲೊಂದಾಗಿ ಸೇರುತ್ತಲೇ ಹೋದುವು. ಎಲ್ಲವೂ ಒಂದೇ ಅಳತೆ, ಸುಮಾರು ೪೬ ಸೆಂಟಿಮೀಟರು ಉದ್ದ, ೩೩ ಸೆಂಟಿಮೀಟರು ಅಗಲ. ಸುತ್ತಲೂ ಚಿನ್ನದ ಗೆರೆ. ನಡುವೆ ಖಾಲಿ ಬಿಳುಪಿನಲ್ಲಿ ಒಂದೇ ಗಿಡ.

ದೊರೆಗಳು ಬದಲಾದರೂ ಕೆಲಸ ನಿಲ್ಲಲಿಲ್ಲ. ರೊಬೇರನ ಪರಂಪರೆಯಲ್ಲಿ ಬಂದ ಕ್ಲೋದ್ ಓಬ್ರಿಯೆ ಎಂಬವನು ತೂರ್ನಫೋರ್ ಎಂಬ ಪ್ರಸಿದ್ಧ ಸಸ್ಯಶಾಸ್ತ್ರಜ್ಞನ ಜೊತೆಯಲ್ಲಿ ೧೭೦೦ರಿಂದ ೧೭೦೨ರ ವರೆಗೆ ಗ್ರೀಸ್, ತುರ್ಕಿ ಪ್ರಾಂತಗಳನ್ನು ಸುತ್ತಿ, ಆಗಷ್ಟೇ ಕಿತ್ತ ಗಿಡಗಳನ್ನು ಅಲ್ಲಲ್ಲಿಯೇ ಬರೆದುಕೊಂಡನು. ಚಳಿದೇಶಗಳ ಕಲ್ಲುಗೋಡೆಗಳ ಮೇಲೆ ನೇರಿಳೆ ಹಾಸಿನಂತೆ ಹಬ್ಬುವ ‘ಓಬ್ರಿಯೇಟ’ ಎಂಬ ಗಿಡದ ಹೆಸರಿನಲ್ಲಿ ಈ ಚಿತ್ರಕಾರನ ಹೆಸರು ಇಂದಿಗೂ ಬಾಳುತ್ತಿದೆ. ಆತನ ತರುವಾಯ ಆ ಸ್ಥಾನಕ್ಕೆ ಬಂದವಳು ಮದಲೇನ್ ಬಾಸ್ಪೋರ್ತ್ ಎಂಬ ಮಹಿಳೆ. ರಾಜೋದ್ಯಾನದ ಅಧಿಕೃತ ಚಿತ್ರಕಾರ್ತಿಯಾಗಿ ೧೭೮೦ರಲ್ಲಿ ತೀರಿಕೊಳ್ಳುವವರೆಗೂ ಆಕೆ ಆ ಹುದ್ದೆಯಲ್ಲಿದ್ದಳು. ಕ್ರಾಂತಿಯ ಬಿರುಗಾಳಿಯಲ್ಲಿ ರಾಜನ ತಲೆ ಹೋಯಿತು. ರಾಜನ ಹೂಗಳು ಹೋಗಲಿಲ್ಲ. ೧೭೯೩ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪ್ರಕೃತಿವಿಜ್ಞಾನ ಸಂಗ್ರಹಾಲಯಕ್ಕೆ ಅವು ಸೇರಿದುವು. ಪ್ರಾಣಿಗಳ ಚಿತ್ರಗಳೂ ಕೂಡಿ ಇಂದು ಆ ಸಂಗ್ರಹದಲ್ಲಿ ಸುಮಾರು ೭,೦೦೦ ಹಾಳೆಗಳಿವೆ.

ಇಂತಹ ಚಿತ್ರವು ಅಲಂಕಾರಮಾತ್ರವಲ್ಲ. ಸಸ್ಯವೊಂದಕ್ಕೆ ಶಾಸ್ತ್ರೀಯ ನಾಮಕರಣ ಮಾಡುವಾಗ ಆ ಹೆಸರು ಯಾವ ಗಿಡಕ್ಕೆ ಸಲ್ಲುತ್ತದೆಂಬುದಕ್ಕೆ ಒಂದು ಆಧಾರಮಾದರಿ ಬೇಕು. ಸಾಮಾನ್ಯವಾಗಿ ಅದು ಒಣಗಿಸಿಟ್ಟ ಗಿಡ. ಆದರೆ ಹಳೆಯ ಹೆಸರುಗಳ ವಿಷಯದಲ್ಲಿ ಒಣಗಿದ ಗಿಡವು ಸಿಕ್ಕದಿದ್ದರೆ, ಅಂದು ಪ್ರಕಟವಾದ ಚಿತ್ರವನ್ನೇ ಆಧಾರವಾಗಿ ಅಂಗೀಕರಿಸಬಹುದೆಂದು ಸಸ್ಯನಾಮಗಳ ಅಂತರರಾಷ್ಟ್ರೀಯ ನಿಯಮಾವಳಿಯು ಒಪ್ಪುತ್ತದೆ. ಕುಂಚ ಹಿಡಿದವನ ಪ್ರಾಮಾಣಿಕತೆಯ ಮೇಲೆ ಒಂದು ಜಾತಿಯ ಹೆಸರೇ ನಿಂತಿರುವುದುಂಟು.

ಎಂದೂ ಒಟ್ಟಿಗೆ ಅರಳದ ಹೂಗಳು

ಅರಮನೆಗಳ ಗೋಡೆಗಳಿಗೆ ಬೇಕಾಗಿದ್ದುದು ಬೇರೆಯ ಬಗೆಯ ಹೂವು. ಲೀಲ್ ನಗರದಲ್ಲಿ ೧೬೩೬ರಲ್ಲಿ ಹುಟ್ಟಿದ ಜಾಂ ಬಾಪ್ತಿಸ್ತ್ ಮೊನ್ವಾಯೆ ಎಂಬವನು ವರ್ಸಾಯಿ ಅರಮನೆಗಾಗಿಯೂ ಗೋಬ್ಲಾಂ ಎಂಬಲ್ಲಿನ ರಾಜಕೀಯ ನೇಯ್ಗೆಶಾಲೆಗಾಗಿಯೂ ರಾಶಿರಾಶಿಯಾಗಿ ಹೂಗಳನ್ನು ಬರೆದನು. ೧೬೬೫ರಲ್ಲಿ ಕಲಾ ಅಕಾಡೆಮಿಯ ಸದಸ್ಯನೂ ಆದನು; ಬಳಿಕ ಇಂಗ್ಲೆಂಡಿಗೆ ಹೋಗಿ ೧೬೯೯ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಈ ಕಾಲದ ಹೂಗೊಂಚಲುಗಳನ್ನು ಸಸ್ಯಶಾಸ್ತ್ರಜ್ಞನು ನೋಡಿದರೆ ಮುಗುಳುನಗದಿರನು. ವಸಂತದ ಟ್ಯೂಲಿಪ್, ಬೇಸಗೆಯ ಗುಲಾಬಿ, ಬೇಸಗೆ ಕಳೆದ ಮೇಲಿನ ಹೂಗಳು, ಎಲ್ಲವೂ ಒಂದೇ ಹೂದಾನಿಯಲ್ಲಿ ಒಂದೇ ದಿನ ಅರಳಿ ನಿಂತಿರುವುದನ್ನು ಕಾಣಬಹುದು! ಚಿತ್ರಕಾರನು ಆಯಾ ಋತುವಿನಲ್ಲಿ ಒಂದೊಂದು ಹೂವನ್ನೂ ಬಿಡಿಯಾಗಿ ಬರೆದಿಟ್ಟುಕೊಂಡು, ಕೊನೆಗೆ ಚಿತ್ರಪಟದ ಮೇಲೆ ಕೂಡಿಸುತ್ತಿದ್ದನು. ಬಾಡುವಿಕೆಯನ್ನು ಗೆಲ್ಲಲು ಕಂಡುಕೊಂಡ ಮೊದಲ ಉಪಾಯ ಇದೇ: ಕಾಲವನ್ನೇ ಕತ್ತರಿಸಿ ಜೋಡಿಸುವುದು.

ಆ ಚಿತ್ರಗಳಲ್ಲಿ ಎದ್ದು ಕಾಣುವ ಟ್ಯೂಲಿಪ್ ಹೂಗಳ ಮೇಲೆ ಬಿಳಿಯ ನೆಲದಲ್ಲಿ ಕೆಂಪು ಜ್ವಾಲೆಗಳಂತಹ ಪಟ್ಟೆಗಳಿರುವುವು. ಇಂತಹ ಗೆಡ್ಡೆಗಳಿಗೆ ಹದಿನೇಳನೆಯ ಶತಮಾನದಲ್ಲಿ ಹುಚ್ಚು ಬೆಲೆ. ಆ ಸೊಬಗು ಒಂದು ರೋಗದ ಗುರುತೆಂಬುದನ್ನು ಅಂದಿನ ಚಿತ್ರಕಾರರು ಹೇಗೆ ತಿಳಿದಾರು? ಪಟ್ಟೆಯು ಒಂದು ಗೆಡ್ಡೆಯಿಂದ ಮತ್ತೊಂದಕ್ಕೆ ಸೋಂಕುತ್ತದೆಂಬುದನ್ನು ೧೯೨೮ರಲ್ಲಿ ಡೊರೊತಿ ಕೇಲಿ ಎಂಬ ಆಂಗ್ಲ ವಿಜ್ಞಾನಿಯು ಪ್ರಯೋಗಗಳಿಂದ ತೋರಿಸಿದಳು. ಗಿಡಹೇನುಗಳು ಹರಡುವ ವೈರಸ್ಸೊಂದು ದಳಗಳಲ್ಲಿ ಕೆಂಪು ವರ್ಣದ್ರವ್ಯವು ಸಮನಾಗಿ ತುಂಬದಂತೆ ತಡೆಯುತ್ತದೆ; ಗೆಡ್ಡೆಯೂ ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸುತ್ತದೆ. ಅಂದಿನ ಪ್ರಸಿದ್ಧ ತಳಿಗಳಲ್ಲಿ ಹಲವು ಈ ರೋಗದಿಂದಲೇ ಅಳಿದುಹೋಗಿ ಈಗ ಚಿತ್ರಗಳಲ್ಲಿ ಮಾತ್ರ ಉಳಿದಿವೆ.

ಅಕಾಡೆಮಿಯ ಕೆಳಮೆಟ್ಟಿಲೇ ಸ್ತ್ರೀಯರಿಗೆ ಬಾಗಿಲಾದುದು ಈ ಚರಿತ್ರೆಯ ಒಂದು ವಿಚಿತ್ರ. ಪುರಾಣದೃಶ್ಯಗಳನ್ನು ಬರೆಯಬೇಕಾದರೆ ವಿವಸ್ತ್ರ ಮಾದರಿಗಳನ್ನು ಎದುರಿಗಿಟ್ಟುಕೊಂಡು ಮನುಷ್ಯಶರೀರವನ್ನು ಅಭ್ಯಾಸಮಾಡಬೇಕಾಗಿತ್ತು. ಆ ಪಾಠಕ್ಕೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಹೂವಿಗೆ ಅಂತಹ ನಿರ್ಬಂಧವುಂಟೆ? ಅಕ್ಕಸಾಲಿಗನ ಮಗಳಾದ ಆನ್ ವಲಾಯೇ ಕೋಸ್ತೇರ್ ೧೭೭೦ರಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅಚಲ ವಸ್ತುಗಳ ಚಿತ್ರಗಳನ್ನೊಪ್ಪಿಸಿ ಅಕಾಡೆಮಿಯ ಸದಸ್ಯಳಾದಳು. ಅದೇ ವರ್ಷ ಅಕಾಡೆಮಿಯು ತನ್ನಲ್ಲಿ ನಾಲ್ವರಿಗಿಂತ ಹೆಚ್ಚು ಸ್ತ್ರೀಯರು ಇರಕೂಡದೆಂದು ಗೊತ್ತುಮಾಡಿತೆಂಬುದನ್ನೂ ಹೇಳಬೇಕು. ರಾಣಿ ಮಾರಿ ಆಂತ್ವಾನೆತಳ ಕೃಪೆಯಿಂದ ಆಕೆಗೆ ೧೭೮೧ರಲ್ಲಿ ಲೂವ್ರ್ ಅರಮನೆಯಲ್ಲಿಯೇ ವಸತಿ ದೊರೆಯಿತು. ಆಕೆಯ ಹೂಗೊಂಚಲುಗಳಲ್ಲಿ ಮೊನ್ವಾಯೆಯ ಆಡಂಬರವಿಲ್ಲ. ಒಂದೊಂದು ದಳದ ತೆಳುವು, ಮಡಿಕೆ, ಅಂಚಿನ ಬೆಳಕು ಇವುಗಳಲ್ಲಿ ಆಕೆಯ ಕಣ್ಣು ನೆಟ್ಟಿದೆ. ಆಕೆಗಿಂತ ಹಿರಿಯನಾದ ಶಾರ್ದಾಂ ಅಡುಗೆಮನೆಯ ತಾಮ್ರದ ಪಾತ್ರೆಗಳಿಗೂ ಹಣ್ಣುಗಳಿಗೂ ಹೆಸರಾದವನು. ಆತನ ಹೂವಿನ ಚಿತ್ರವೆಂದು ಇಂದು ಉಳಿದಿರುವುದು ಎಡಿನ್‌ಬರೋ ನಗರದಲ್ಲಿರುವ ಒಂದೇ ಒಂದು. ನೀಲಿ ಬಿಳಿಯ ಪಿಂಗಾಣಿ ಹೂದಾನಿ, ಕೆಲವು ಹೂಗಳು, ಬುಡದಲ್ಲಿ ಉದುರಿದ ಒಂದೆರಡು. ಯಾವ ಹೂವೆಂದು ಸಸ್ಯಶಾಸ್ತ್ರಜ್ಞನು ವಾದಿಸಬೇಕಾಗುವಷ್ಟು ಸಡಿಲವಾಗಿ ಬರೆದ ಚಿತ್ರ. ಆದರೂ ಈ ಲೇಖಕನಿಗೆ ವರ್ಸಾಯಿಯ ಎಲ್ಲ ಗೊಂಚಲುಗಳಿಗಿಂತ ಅದೊಂದೇ ಹೆಚ್ಚು ಜೀವಂತವಾಗಿ ತೋರುತ್ತದೆ.

ರೆದೂತೆಯ ಗುಲಾಬಿಗಳು

ಬಾಸ್ಪೋರ್ತಳ ತರುವಾಯ ರಾಜೋದ್ಯಾನಕ್ಕೆ ಬಂದವನು ಹಾಲೆಂಡಿನವನಾದ ಜೆರಾರ್ಡ್ ಫಾನ್ ಸ್ಪಾಂಡೊಂಕ್. ಆತನ ಬಳಿ ಕೆಲಸ ಕಲಿತವರಲ್ಲಿ ಒಬ್ಬನ ಕೀರ್ತಿಯು ಗುರುವಿನದನ್ನು ಮೀರಿತು. ಆತನೇ ಪಿಯೇರ್ ಜೋಸೆಫ್ ರೆದೂತೆ. ಈಗಿನ ಬೆಲ್ಜಿಯಮ್ಮಿಗೆ ಸೇರಿದ ಸೇಂಟ್ ಉಬೇರ್ ಎಂಬ ಊರಿನಲ್ಲಿ ೧೭೫೯ರಲ್ಲಿ ಬಡ ಚಿತ್ರಕಾರರ ಮನೆತನದಲ್ಲಿ ಹುಟ್ಟಿ, ೧೭೮೨ರಲ್ಲಿ ಪ್ಯಾರಿಸ್ಸಿಗೆ ಬಂದು ಅಣ್ಣನೊಡನೆ ನಾಟಕಶಾಲೆಯ ಪರದೆಗಳನ್ನು ಬರೆಯುತ್ತಿದ್ದ ಈ ತರುಣನು ಬಿಡುವಿದ್ದಾಗ ರಾಜೋದ್ಯಾನಕ್ಕೆ ಹೋಗಿ ಹೂಗಳನ್ನು ಬರೆದುಕೊಳ್ಳುತ್ತಿದ್ದನು. ಸಿರಿವಂತನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಲೆರಿತಿಯೇ ಎಂಬವನ ಕಣ್ಣಿಗೆ ಆ ಚಿತ್ರಗಳು ಬಿದ್ದುವು. ಹೂವನ್ನು ಬಿಡಿಸಿ ಕೇಸರ, ಶಲಾಕೆ, ಅಂಡಾಶಯಗಳನ್ನು ಪರೀಕ್ಷಿಸುವ ಕ್ರಮವನ್ನು ಆತನು ರೆದೂತೆಗೆ ಕಲಿಸಿಕೊಟ್ಟನು. ಹೂವಿನ ಚೆಲುವನ್ನು ಕಂಡಿದ್ದ ಕಣ್ಣಿಗೆ ಅದರ ರಚನೆಯೂ ಕಂಡಿತು.

ಇವರಿಬ್ಬರ ಸಹಕಾರದ ಒಂದು ಫಲವು ನಮಗೆ ಚಿರಪರಿಚಿತ. ಕ್ಯಾಪ್ಟನ್ ಕುಕ್ಕನ ಮೂರನೆಯ ಯಾನದಲ್ಲಿ, ೧೭೭೭ರಲ್ಲಿ, ಟಾಸ್ಮೇನಿಯದಿಂದ ಸಂಗ್ರಹಿಸಿದ ಮರವೊಂದರ ಕೊಂಬೆಯ ಮಾದರಿಯು ಲಂಡನ್ನಿಗೆ ಬಂದಿತ್ತು. ಮೊಗ್ಗಿನ ಮೇಲೆ ಬಿಗಿಯಾಗಿ ಕುಳಿತ ಮುಚ್ಚಳವನ್ನು ಗಮನಿಸಿ, ‘ಚೆನ್ನಾಗಿ ಮುಚ್ಚಿದುದು’ ಎಂಬರ್ಥದ ಗ್ರೀಕ್ ಪದಗಳಿಂದ ಲೆರಿತಿಯೇ ಅದಕ್ಕೆ ‘ಯೂಕಲಿಪ್ಟಸ್’ ಎಂದು ಹೆಸರಿಟ್ಟನು. ಅದರ ಚಿತ್ರವನ್ನು ಬರೆದವನು ರೆದೂತೆ. ಕೋಲಾರ, ಬೆಂಗಳೂರು ಸೀಮೆಗಳ ರಸ್ತೆಬದಿಗಳಲ್ಲಿ ಸಾಲುಸಾಲಾಗಿ ನಿಂತಿರುವ ನೀಲಗಿರಿ ಮರಗಳ ಕುಲಕ್ಕೆ ಹೆಸರಿಟ್ಟ ಸಂದರ್ಭದ ಚಿತ್ರ ಅದು.

ರೆದೂತೆ ರಾಣಿ ಮಾರಿ ಆಂತ್ವಾನೆತಳ ಚಿತ್ರಕಾರನೆನಿಸಿದನು. ಆಕೆಯ ಶಿರಚ್ಛೇದವಾಯಿತು, ಆತನು ಕ್ರಾಂತಿ ಸರ್ಕಾರದ ಸಂಗ್ರಹಾಲಯಕ್ಕಾಗಿ ಬರೆದನು. ನೆಪೋಲಿಯನ್ ಬಂದನು; ಆತನ ಪತ್ನಿ ಜೋಸೆಫೀನಳ ಮಾಲ್‌ಮೇಸೊಂ ತೋಟಕ್ಕಾಗಿ ಬರೆದನು. ನೆಪೋಲಿಯನ್ ಹೋಗಿ ಹಳೆಯ ರಾಜವಂಶ ಮರಳಿತು. ರೆದೂತೆ ಬರೆಯುತ್ತಲೇ ಇದ್ದನು. ಹೂವಿಗೆ ಪಕ್ಷವಿಲ್ಲವಷ್ಟೆ. ಆತನ ಆಶ್ರಯದಾತ ಲೆರಿತಿಯೇ ಮಾತ್ರ ೧೮೦೦ರಲ್ಲಿ ಪ್ಯಾರಿಸ್ಸಿನಲ್ಲಿ ಕೊಲೆಗೀಡಾದನು, ಕೊಂದವರು ಸಿಕ್ಕಲಿಲ್ಲ.

೧೮೦೨ರಿಂದ ೧೮೧೬ರ ವರೆಗೆ ಎಂಟು ಸಂಪುಟಗಳಲ್ಲಿ ೪೮೬ ಚಿತ್ರಫಲಕಗಳೊಡನೆ ಹೊರಬಂದ ‘ಲೆ ಲಿಲಿಯಾಸೆ’ ಎಂಬ ಗ್ರಂಥವು ವಿಜ್ಞಾನದ ದೃಷ್ಟಿಯಿಂದ ಆತನ ಮಹತ್ಕೃತಿ. ಲಿಲ್ಲಿ, ಐರಿಸ್, ಅನಾನಸು, ಬಾಳೆ ಮೊದಲಾದ ಏಕದಳ ಸಸ್ಯಗಳನ್ನೇ ಏಕೆ ಆರಿಸಿಕೊಂಡನು? ರಸತುಂಬಿದ ಇವುಗಳ ಹೂಗಳನ್ನು ಒತ್ತಿ ಒಣಗಿಸಿದರೆ ಆಕಾರವೂ ಬಣ್ಣವೂ ಕೆಟ್ಟು ಕಂದುಹಾಳೆಯಾಗಿಬಿಡುತ್ತವೆ. ಒಣಸಸ್ಯಗಳ ಭಂಡಾರವು ಎಲ್ಲಿ ಸೋಲುವುದೋ ಅಲ್ಲಿ ಕುಂಚವು ಅದರ ಕೆಲಸವನ್ನು ವಹಿಸಿಕೊಂಡಿತು.

ಜನಪ್ರಿಯವಾದುದು ಮಾತ್ರ ೧೮೧೭ರಿಂದ ೧೮೨೪ರ ವರೆಗೆ ಪ್ರಕಟವಾದ ‘ಲೆ ರೋಜ್’, ಎಂದರೆ ಗುಲಾಬಿಗಳ ಗ್ರಂಥ. ಇದರಲ್ಲಿನ ಗುಲಾಬಿಗಳೆಲ್ಲವೂ ಜೋಸೆಫೀನಳ ತೋಟದವೆಂದು ಅನೇಕರು ಬರೆಯುತ್ತಾರೆ. ಗ್ರಂಥದ ಮೊದಲ ಕಂತು ಹೊರಡುವ ಮೂರು ವರ್ಷ ಮುಂಚೆ, ೧೮೧೪ರಲ್ಲಿಯೇ, ಆಕೆ ತೀರಿಕೊಂಡಿದ್ದಳು. ಪ್ಯಾರಿಸ್ಸಿನ ಸುತ್ತಲ ಬೇರೆ ಬೇರೆ ತೋಟಗಳಿಂದಲೂ ಹೂಗಳನ್ನು ತಂದು ಬರೆದದ್ದುಂಟು. ಮುದ್ರಣದ ಕ್ರಮವೂ ತಿಳಿಯತಕ್ಕದ್ದೇ. ತಾಮ್ರದ ತಗಡಿನ ಮೇಲೆ ಗೆರೆಗಳಿಗೆ ಬದಲಾಗಿ ಸಾವಿರಾರು ಸಣ್ಣ ಚುಕ್ಕೆಗಳನ್ನು ಕೊರೆಯುವರು. ನೆರಳಿರುವಲ್ಲಿ ದಟ್ಟವಾಗಿ, ಬೆಳಕಿರುವಲ್ಲಿ ವಿರಳವಾಗಿ. ಬಳಿಕ ಒಂದೇ ತಗಡಿನ ಬೇರೆ ಬೇರೆ ಭಾಗಗಳಿಗೆ ಚಿಂದಿಯ ಸಣ್ಣ ಉಂಡೆಯಿಂದ ಬೇರೆ ಬೇರೆ ಬಣ್ಣದ ಶಾಯಿಯನ್ನು ಲೇಪಿಸಿ ಒಂದೇ ಸಲ ಅಚ್ಚೊತ್ತುವರು. ಪ್ರತಿಯೊಂದು ಪ್ರತಿಗೂ ಮತ್ತೆ ಲೇಪಿಸಬೇಕು. ಕೊನೆಗೆ ಕೈಯಿಂದ ತಿದ್ದಬೇಕು. ಗೆರೆಯ ಗಡಸು ಇಲ್ಲದೆ ದಳವು ನೆರಳಿನಿಂದ ಬೆಳಕಿಗೆ ಮೆಲ್ಲನೆ ಜಾರುವುದು ಈ ಚುಕ್ಕೆಗಳ ಮಹಿಮೆ.

ಆ ಗ್ರಂಥದ ಪುಟಗಳಲ್ಲಿ ‘ಇಂಡಿಕ’ ಎಂಬ ಹೆಸರಿನ ಗುಲಾಬಿಗಳನ್ನು ಕಂಡು ನಮ್ಮವರು ಹಿಗ್ಗಬೇಕಾಗಿಲ್ಲ. ಅವು ಚೀನದವು. ಕಲ್ಕತ್ತೆಯ ಮಾರ್ಗವಾಗಿ ಯೂರೋಪಿಗೆ ಬಂದುದರಿಂದ ಫ್ರೆಂಚರು ಅವನ್ನು ‘ಬಂಗಾಳದ ಗುಲಾಬಿ’ ಎಂದು ಕರೆದರು. ಯೂರೋಪಿನ ಹಳೆಯ ಗುಲಾಬಿಗಳಲ್ಲಿ ಬಹುಮಟ್ಟಿನವು ವರ್ಷಕ್ಕೊಮ್ಮೆ ಮಾತ್ರ ಹೂಬಿಡುತ್ತಿದ್ದುವು. ಚೀನದವು ಮತ್ತೆ ಮತ್ತೆ ಹೂಬಿಡುತ್ತಿದ್ದುವು. ಈ ಎರಡರ ಸಂಕರದಿಂದಲೇ ಇಂದಿನ ಗುಲಾಬಿ ಹುಟ್ಟಿತು. ರೆದೂತೆ ಬರೆದುದು ಆ ಸಂಧಿಕಾಲದ ದಾಖಲೆ.

ಚಿತ್ರಕಾರರಿಗೆ ಅತ್ಯಂತ ಪ್ರಿಯವಾದುದು ‘ಸೆಂಟಿಫೋಲಿಯ’ ಎಂಬ, ಎಲೆಕೋಸಿನಂತೆ ದಳದ ಮೇಲೆ ದಳ ಒತ್ತಿದ ಗುಲಾಬಿ. ಅದರ ಒಂದು ಬಗೆಗೆ ‘ಚಿತ್ರಕಾರರ ಗುಲಾಬಿ’ ಎಂದೇ ಹೆಸರು. ಕಾಡುಗುಲಾಬಿಗೆ ಐದೇ ದಳಗಳು. ಇದಕ್ಕೆ ಎಲ್ಲಿಂದ ಬಂದುವು ನೂರು? ಕೇಸರಗಳಾಗಬೇಕಾದ ಅಂಗಗಳು ದಳಗಳಾಗಿ ಮಾರ್ಪಟ್ಟುದರಿಂದ. ಹೂವಿನ ಹೊರಸುತ್ತಿನಿಂದ ಒಳಸುತ್ತಿನವರೆಗೆ ಯಾವ ಅಂಗವು ಎಲ್ಲಿ ಮೂಡಬೇಕೆಂಬುದನ್ನು ಮೂರು ಗುಂಪಿನ ಜೀನುಗಳು ನಿರ್ಣಯಿಸುತ್ತವೆಂಬುದನ್ನು ೧೯೯೧ರಲ್ಲಿ ಕೋಯೆನ್, ಮೈಯರೊವಿಟ್ಸ್ ಎಂಬ ವಿಜ್ಞಾನಿಗಳು ನಿರೂಪಿಸಿದರು. ಒಳಸುತ್ತಿಗೆ ಕೇಸರವನ್ನು ಗೊತ್ತುಪಡಿಸುವ ಜೀನಿನ ಆಳ್ವಿಕೆ ಕುಗ್ಗಿದರೆ, ಆ ಸ್ಥಳವನ್ನು ದಳಗಳು ಆಕ್ರಮಿಸುತ್ತವೆ. ನಮ್ಮ ಅಂಗಳದ ಹಲವು ಸುತ್ತಿನ ದಾಸವಾಳವೂ ಇದೇ ಬಗೆಯದು. ಹೂವು ತುಂಬಿದಷ್ಟೂ ಪರಾಗ ಕಡಮೆ, ಬೀಜ ಕಡಮೆ. ಸೆಂಟಿಫೋಲಿಯ ಗುಲಾಬಿಯು ಬಹುಮಟ್ಟಿಗೆ ಬಂಜೆ. ಮನುಷ್ಯನು ಕಡ್ಡಿನೆಟ್ಟೋ ಕಸಿಕಟ್ಟಿಯೋ ಉಳಿಸಿಕೊಳ್ಳದಿದ್ದರೆ ಅದು ಇಂದಿನವರೆಗೆ ಬರುತ್ತಿರಲಿಲ್ಲ.

ದೊಡ್ಡವರ ಒಡನಾಟದಿಂದ ಸಂಪಾದಿಸಿದುದನ್ನೆಲ್ಲ ಖರ್ಚುಮಾಡಿದ ರೆದೂತೆ ಕೊನೆಗಾಲದಲ್ಲಿ ಸಾಲದಲ್ಲಿ ಮುಳುಗಿದ್ದನು. ೧೮೪೦ರ ಜೂನಿನಲ್ಲಿ ತೀರಿಕೊಂಡನು. ಆಗ ಆತನಿಗೆ ೮೦ ವರ್ಷ.

ಹೂವಿನಿಂದ ರೇಷ್ಮೆಗೆ

ಹೂವಿನ ಚಿತ್ರವು ಹೊಟ್ಟೆಪಾಡಿನ ವಿದ್ಯೆಯಾಗಿದ್ದ ಊರೊಂದಿತ್ತು: ರೇಷ್ಮೆಯ ನಗರವಾದ ಲಿಯೊಂ. ಅಲ್ಲಿನ ಮಗ್ಗಗಳಿಗೆ ಹೊಸ ಹೊಸ ಹೂವಿನ ವಿನ್ಯಾಸಗಳು ಬೇಕಾಗಿದ್ದುವು, ಹಳೆಯದನ್ನು ಕೊಳ್ಳುವವರಿಲ್ಲ. ಚಿತ್ರವನ್ನು ಚೌಕಳಿ ಕಾಗದಕ್ಕೆ ಇಳಿಸಿ, ಒಂದೊಂದು ಚೌಕವನ್ನೂ ಹಾಸುಹೊಕ್ಕುಗಳ ಒಂದೊಂದು ಸಂಧಿಯೆಂದು ಎಣಿಸುವರು. ೧೮೦೪ರಲ್ಲಿ ಜಕ್ವಾರ್ ಎಂಬವನು ರಟ್ಟಿನ ತೂತುಗಳಿಂದ ನಡೆಯುವ ಮಗ್ಗವನ್ನು ನಿರ್ಮಿಸಿದ ಮೇಲೆ ಆ ಚೌಕಗಳೇ ತೂತುಗಳಾದುವು. ಮುಂದೆ ಗಣಕಯಂತ್ರದ ಕಲ್ಪನೆಗೆ ದಾರಿತೋರಿದ ಆ ರಟ್ಟುಗಳು ಹೂಗಳನ್ನು ನೇಯುವ ಕೆಲಸದಲ್ಲಿ ತೊಡಗಿದ್ದುವೆಂಬುದು ಸ್ವಾರಸ್ಯದ ಸಂಗತಿ. ನಗರದ ಕಲಾಶಾಲೆಯಲ್ಲಿ ಹೂವಿಗಾಗಿಯೇ ಒಂದು ತರಗತಿಯಿತ್ತು. ೧೮೧೦ರಿಂದ ೧೮೨೩ರ ವರೆಗೆ ಅದರ ಉಪಾಧ್ಯಾಯನಾಗಿದ್ದ ಆಂತ್ವಾನ್ ಬೆರ್ಜೊಂ ೧೮೧೯ರಲ್ಲಿ ಬರೆದ ಚಿತ್ರವೊಂದು ಅಮೆರಿಕದ ಫಿಲಡೆಲ್ಫಿಯದಲ್ಲಿದೆ. ಅದರಲ್ಲಿ ಹೂಗಳ ಪಕ್ಕದಲ್ಲಿ ಕಡಲಚಿಪ್ಪುಗಳೂ ಶಿಲೀಭೂತ ವಸ್ತುಗಳೂ ಶಾರ್ಕ್ ಮೀನಿನ ತಲೆಯೊಂದೂ ಇವೆ!

ನೇಯ್ಗೆಯ ಶಾಲೆಯಿಂದಲೇ ಚಿತ್ರಕಾರರಿಗೆ ವರ್ಣವಿಜ್ಞಾನದ ಒಂದು ದೊಡ್ಡ ಪಾಠ ಬಂದಿತು. ಗೋಬ್ಲಾಂ ಕಾರ್ಖಾನೆಯ ಬಣ್ಣಗಾರಿಕೆಗೆ ೧೮೨೪ರಲ್ಲಿ ಮೇಲ್ವಿಚಾರಕನಾದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನ ಮುಂದೆ ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲವೆಂಬ ದೂರು ಬಂದಿತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿಲ್ಲ. ಪಕ್ಕದ ನೂಲಿನ ಬಣ್ಣವು ಕಪ್ಪನ್ನು ಬೇರೆಯಾಗಿ ಕಾಣಿಸುತ್ತಿತ್ತು. ಅಕ್ಕಪಕ್ಕದಲ್ಲಿರುವ ಬಣ್ಣಗಳು ಕಣ್ಣಿನಲ್ಲಿ ಒಂದನ್ನೊಂದು ಮಾರ್ಪಡಿಸುತ್ತವೆಂಬ ನಿಯಮವನ್ನು ಆತನು ೧೮೩೯ರಲ್ಲಿ ಪ್ರಕಟಿಸಿದನು. ತೋಟದಲ್ಲಿ ಯಾವ ಹೂವಿನ ಪಕ್ಕದಲ್ಲಿ ಯಾವುದನ್ನು ನೆಡಬೇಕೆಂಬ ಸಲಹೆಯೂ ಆ ಗ್ರಂಥದಲ್ಲಿದೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರ್ಯಾಲೋಚಿಸಬಹುದು: ಒಂದೇ ಬೂದುಬಣ್ಣದ ಕಾಗದದಿಂದ ಎರಡು ಚೂರುಗಳನ್ನು ಕತ್ತರಿಸಿ, ಒಂದನ್ನು ಕೆಂಪು ಹಾಳೆಯ ಮೇಲೂ ಇನ್ನೊಂದನ್ನು ಹಸುರು ಹಾಳೆಯ ಮೇಲೂ ಇಡಿರಿ. ಕೆಂಪಿನ ಮೇಲಿನ ಬೂದು ಹಸುರು ಛಾಯೆಯನ್ನೂ ಹಸುರಿನ ಮೇಲಿನದು ಕೆಂಪು ಛಾಯೆಯನ್ನೂ ತಾಳುವುದು.

ಹತ್ತೊಂಬತ್ತನೆಯ ಶತಮಾನದ ಹೂಚಿತ್ರಕಾರರಲ್ಲಿ ಹಾಂರಿ ಫಾಂತಾಂ ಲಾತೂರನು ಬರೆದ ಗುಲಾಬಿಗಳ ಹಿಂದಿನ ಶಾಂತವಾದ ಬೂದುಬಣ್ಣವನ್ನು ನೋಡಿದಾಗ ಈ ನಿಯಮವು ನೆನಪಿಗೆ ಬರುತ್ತದೆ. ಆತನ ಆಸೆಯಿದ್ದುದು ಸಂಗೀತನಾಟಕಗಳಿಂದ ಪ್ರೇರಿತವಾದ ಕಲ್ಪನಾಚಿತ್ರಗಳಲ್ಲಿ. ಅನ್ನ ಕೊಟ್ಟದ್ದು ಹೂಗಳು. ಎಡ್ವರ್ಡ್ಸ್ ದಂಪತಿಗಳ ಮೂಲಕ ಅವು ಇಂಗ್ಲೆಂಡಿನಲ್ಲಿ ಮಾರಾಟವಾಗುತ್ತಿದ್ದುವು. ಸ್ವದೇಶದಲ್ಲಿ ಅವನ್ನು ಬಲ್ಲವರೇ ಕಡಮೆ. ಆತನು ೧೮೭೬ರಲ್ಲಿ ವರಿಸಿದ ವಿಕ್ತೋರಿಯ ದ್ಯೂಬೂರ್ ಕೂಡ ಸಮರ್ಥ ಹೂಚಿತ್ರಕಾರ್ತಿ. ಗಂಡನ ನೆರಳಿನಲ್ಲಿ ಆಕೆಯ ಹೆಸರು ಮಸುಕಾದುದು ನ್ಯಾಯವಲ್ಲ.

ಎದುವಾರ್ ಮಾನೆಯ ಪ್ರಸಂಗ ಕರುಣಾಜನಕವಾದುದು. ದೊಡ್ಡ ಚಿತ್ರಗಳಿಂದ ಪ್ಯಾರಿಸ್ಸನ್ನು ಕೆರಳಿಸಿದ್ದ ಆ ಧೀರನು ೧೮೮೨ರ ಹೊತ್ತಿಗೆ ನರರೋಗದಿಂದ ನಿಲ್ಲಲಾರದವನಾಗಿದ್ದನು. ಗೆಳೆಯರು ತಂದುಕೊಟ್ಟ ಹೂಗಳನ್ನು ಗಾಜಿನ ಲೋಟಗಳಲ್ಲಿಟ್ಟು, ಕುಳಿತಲ್ಲಿಯೇ, ಸಣ್ಣ ಚಿತ್ರಪಟಗಳ ಮೇಲೆ ಬೇಗಬೇಗನೆ ಬರೆದನು. ೧೮೮೩ರ ಏಪ್ರಿಲಿನಲ್ಲಿ ಆತನ ಎಡಗಾಲನ್ನು ಕತ್ತರಿಸಬೇಕಾಯಿತು. ಏಪ್ರಿಲ್ ೩೦ರಂದು ಪ್ರಾಣಹೋಯಿತು. ಆ ಚಿತ್ರಗಳಲ್ಲಿ ಹೂಗಳಿಗಿಂತ ನೀರು ಹೆಚ್ಚು ವಿಸ್ಮಯಕರವಾಗಿದೆ. ನೀರಿನ ಮಟ್ಟದಲ್ಲಿ ತೊಟ್ಟುಗಳು ಮುರಿದಂತೆ ತೋರುವುದು, ಗಾಜಿನ ಅಂಚಿನಲ್ಲಿ ಹಸುರು ಚೂರುಚೂರಾಗಿ ಚೆದರುವುದು, ಇವೆಲ್ಲ ಬೆಳಕಿನ ವಕ್ರೀಭವನ. ಭೌತಶಾಸ್ತ್ರದ ಪಾಠಪುಸ್ತಕದಲ್ಲಿ ನಾವು ರೇಖಾಚಿತ್ರವಾಗಿ ಕಾಣುವುದನ್ನು ಮಾನೆ ಕೆಲವೇ ಕುಂಚದ ಹೊಡೆತಗಳಿಂದ ತೋರಿಸಿದ್ದಾನೆ.

ಮಾನೆ ಅವಸರದಿಂದ ಗೆದ್ದನು. ಸೆಜಾನನಿಂದ ಅವಸರವಾಗದು, ಒಂದು ಹೊಡೆತಕ್ಕೂ ಮತ್ತೊಂದಕ್ಕೂ ನಡುವೆ ಬಹಳ ಹೊತ್ತು ನೋಡುತ್ತ ಕುಳಿತುಬಿಡುವನು. ಆದುದರಿಂದ ಕಾಗದದ ಹೂಗಳನ್ನಿಟ್ಟುಕೊಂಡು ಬರೆದನು. ಓದಿಲೊಂ ರೆದೊಂ ಎಂಬವನದು ಇನ್ನೊಂದು ದಾರಿ. ತಾರುಣ್ಯದಲ್ಲಿ ಬೋರ್ದೋ ನಗರದ ಸಸ್ಯಶಾಸ್ತ್ರಜ್ಞ ಆರ್ಮಾಂ ಕ್ಲವೋ ಸೂಕ್ಷ್ಮದರ್ಶಕದ ಲೋಕವನ್ನು ಆತನಿಗೆ ತೆರೆದು ತೋರಿಸಿದ್ದನು. ದಶಕಗಳ ಕಾಲ ಕಪ್ಪಿನಲ್ಲಿಯೇ ಚಿತ್ರ ಬರೆದ ರೆದೊಂ, ಐವತ್ತು ದಾಟಿದ ಮೇಲೆ ಬಣ್ಣದ ಪುಡಿಕಡ್ಡಿಗಳನ್ನು ಹಿಡಿದು ಬರೆದ ಹೂಗೊಂಚಲುಗಳಲ್ಲಿ ನಿಜವಾದ ಹೂವು ಎಲ್ಲಿ ಮುಗಿದು ಕನಸಿನದು ಎಲ್ಲಿ ಮೊದಲಾಗುವುದೆಂದು ಹೇಳುವುದು ಕಷ್ಟ.

ಬಣ್ಣದ ಬಾಡು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೆಂಪು, ಗುಲಾಬಿ ಬಣ್ಣಗಳಿಗಾಗಿ ಚಿತ್ರಕಾರರು ಹೆಚ್ಚಾಗಿ ‘ಲೇಕ್’ ಎಂಬ ಬಣ್ಣಗಳನ್ನೇ ನೆಚ್ಚಿದ್ದರು. ಈ ಹೆಸರು ನಮ್ಮ ‘ಲಾಕ್ಷಾ’, ಎಂದರೆ ಅರಗು, ಎಂಬುದರಿಂದ ಹೋದದ್ದು. ಹೆಂಗಸರ ಪಾದಕ್ಕೆ ಹಚ್ಚುತ್ತಿದ್ದ ಅಲತಿಗೆಯ ಬಂಧು. ಸಸ್ಯದಿಂದಲೋ ಕೀಟದಿಂದಲೋ ತೆಗೆದ ರಂಗುನೀರಿಗೆ ಪಟಿಕ, ಕ್ಷಾರಗಳನ್ನು ಬೆರಸಿದರೆ ರಂಗು ಬಿಳಿಯ ಅಲ್ಯೂಮಿನದ ಕಣಗಳಿಗೆ ಅಂಟಿ ತಳದಲ್ಲಿ ಕೂಡುತ್ತದೆ. ಅದನ್ನು ಎಣ್ಣೆಯಲ್ಲಿ ಅರೆದರೆ ಬಣ್ಣ ಸಿದ್ಧ. ಪಾಪಾಸುಕಳ್ಳಿಯ ಮೇಲೆ ಬಾಳುವ ಕೋಚಿನಿಯಲ್ ಕೀಟದಿಂದ ಬಂದ ಕಾರ್ಮೈನ್, ಮಂಜಿಷ್ಠದ ಜಾತಿಯ ಬೇರಿನಿಂದ ಬಂದ ಕೆಂಪು, ಇವೆಲ್ಲ ಈ ವರ್ಗದವು. ಇಂಗಾಲದ ಈ ಸಂಕೀರ್ಣ ಅಣುಗಳು ಬೆಳಕನ್ನು ಹೀರುವುದರಿಂದಲೇ ಬಣ್ಣ ಕೊಡುತ್ತವೆ. ಹೀರಿದ ಬೆಳಕೇ ಆಕ್ಸಿಜನ್ನಿನ ಸಹಾಯದಿಂದ ಕ್ರಮೇಣ ಅವನ್ನು ಒಡೆಯುತ್ತದೆ. ಮಂಜಿಷ್ಠದ ಕೆಂಪು ಗಟ್ಟಿ, ಕಾರ್ಮೈನ್ ದುರ್ಬಲ. ಹಳದಿಯ ಲೇಕುಗಳು ಇನ್ನೂ ದುರ್ಬಲ. ನೀಲಿಯ ಮೇಲೆ ಹಳದಿ ಬಳಿದು ಹಸುರು ಮಾಡಿದ ಕಡೆ ಹಳದಿ ಅಳಿದು ನೀಲಿ ಉಳಿಯುತ್ತದೆ. ಹಳೆಯ ಹೂಚಿತ್ರಗಳಲ್ಲಿ ಎಲೆಗಳು ವಿಚಿತ್ರವಾಗಿ ನೀಲಿಯಾಗಿರುವುದಕ್ಕೆ ಇದೇ ಕಾರಣ.

ಹೊಸ ರಸಾಯನವಿಜ್ಞಾನವು ಚಿತ್ರಕಾರರಿಗೆ ಉಪಕಾರವನ್ನೂ ಮಾಡಿತು, ಮೋಸವನ್ನೂ ಮಾಡಿತು. ಚಿನ್ನದ ಬೆಲೆಯ ಅಲ್ಟ್ರಾಮರೀನ್ ನೀಲಿಯನ್ನು ಗೀಮೆ ಎಂಬ ಫ್ರೆಂಚನು ೧೮೨೦ರ ದಶಕದಲ್ಲಿ ಕೃತಕವಾಗಿ ತಯಾರಿಸಿ ಅಗ್ಗಮಾಡಿದನು; ಅದು ಬೆಳಕಿಗೆ ಜಗ್ಗದು. ಆದರೆ ೧೮೭೦ರ ದಶಕದಲ್ಲಿ ಬಂದ ಇಯೋಸಿನ್ ಎಂಬ ಕೃತಕ ರಂಗಿನಿಂದ ಮಾಡಿದ ಥಳಥಳಿಸುವ ಕೆಂಪು ಕೆಲವೇ ವರ್ಷಗಳಲ್ಲಿ ಬಿಳಿಚಿಕೊಳ್ಳತೊಡಗಿತು. ಇದಕ್ಕೆ ಪ್ರಸಿದ್ಧವಾದ ಉದಾಹರಣೆ ಹುಟ್ಟಿನಿಂದ ಡಚ್ಚನಾಗಿ ಫ್ರಾನ್ಸಿನಲ್ಲಿ ದುಡಿದ ವಾನ್ ಗಾಗನದು. ೧೮೯೦ರ ಮೇ ತಿಂಗಳಲ್ಲಿ, ಸೇಂಟ್ ರೆಮಿಯ ಆಸ್ಪತ್ರೆಯನ್ನು ಬಿಡುವ ಮುನ್ನ, ಆತನು ಐರಿಸ್ ಹೂಗಳ ಎರಡು ಚಿತ್ರಗಳನ್ನೂ ಗುಲಾಬಿಗಳ ಎರಡು ಚಿತ್ರಗಳನ್ನೂ ಬರೆದನು. ಗುಲಾಬಿಗಳು ಇಂದು ಬಹುಮಟ್ಟಿಗೆ ಬಿಳಿಯಾಗಿವೆ; ನೇರಿಳೆಯಾಗಿದ್ದ ಐರಿಸ್‌ಗಳು ನೀಲಿಯಾಗಿವೆ. ಇಯೋಸಿನ್ ಅಣುವಿನಲ್ಲಿ ಬ್ರೋಮಿನ್ ಇದೆ. ರಂಗು ಹೋದರೂ ಬ್ರೋಮಿನ್ ಚಿತ್ರದಲ್ಲಿಯೇ ಉಳಿಯುತ್ತದೆ. ಎಕ್ಸ್‌ಕಿರಣಗಳನ್ನು ಹಾಯಿಸಿ, ಬ್ರೋಮಿನ್ ಹೊರಸೂಸುವ ವಿಶಿಷ್ಟ ಕಿರಣಗಳನ್ನು ಹುಡುಕಿ, ಎಲ್ಲೆಲ್ಲಿ ಗುಲಾಬಿ ಬಣ್ಣವಿದ್ದಿತೆಂಬುದರ ನಕಾಶೆಯನ್ನು ವಿಜ್ಞಾನಿಗಳು ತೆಗೆದರು. ನಾಲ್ಕೂ ಚಿತ್ರಗಳನ್ನು ೨೦೧೫ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಒಟ್ಟಿಗೆ ಇಟ್ಟಾಗ, ಅವು ಮೊದಲು ಹೇಗಿದ್ದಿರಬಹುದೆಂಬುದನ್ನೂ ಜನರಿಗೆ ತೋರಿಸಿದರು. ಮೂಲಚಿತ್ರಕ್ಕೆ ಮಾತ್ರ ಯಾರೂ ಬಣ್ಣ ಹಚ್ಚಲಿಲ್ಲ, ಹಚ್ಚಲೂ ಕೂಡದು.

ಇದಕ್ಕೆ ಪ್ರತಿಯಾಗಿ, ಅದಕ್ಕಿಂತ ಇನ್ನೂರು ವರ್ಷ ಹಳೆಯದಾದ ರೊಬೇರನ ತೊಗಲಿನ ಹೂಗಳು ತಾಜಾ ಆಗಿ ಕಾಣುವುವು. ಗೋಡೆಗೆ ತೂಗುಹಾಕಿದ ಚಿತ್ರವು ದಿನವೂ ಬಿಸಿಲನ್ನುಂಡಿತು. ಸಂಪುಟಗಳಲ್ಲಿ ಮುಚ್ಚಿಟ್ಟ ಹಾಳೆಯು ಕತ್ತಲಲ್ಲಿ ಬದುಕಿತು. ಈಗ ಇಂತಹ ಹಾಳೆಗಳನ್ನು ಪ್ರದರ್ಶಿಸಬೇಕಾದರೆ ಬೆಳಕು ಸುಮಾರು ೫೦ ಲಕ್ಸ್‌ಗಿಂತ ಹೆಚ್ಚದಂತೆ ಎಚ್ಚರವಹಿಸುವರು. ಅದು ಮಬ್ಬುಗತ್ತಲಿನ ಕೋಣೆಯ ಬೆಳಕು. ಹೊರಗಿನ ಹಗಲಿನ ನೂರನೆಯ ಒಂದು ಪಾಲೂ ಅಲ್ಲ. ಒಂದು ಹಾಳೆಯನ್ನು ಕೆಲವು ತಿಂಗಳು ತೋರಿಸಿ ಮತ್ತೆ ವರ್ಷಗಟ್ಟಲೆ ಕತ್ತಲಿಗೆ ಕಳುಹಿಸುವರು. ಆ ಕೋಣೆಗೆ ಕಾಲಿಟ್ಟವನಿಗೆ ಮೊದಲು ಏನೂ ಕಾಣಿಸದು. ಎರಡು ಮೂರು ನಿಮಿಷ ಸುಮ್ಮನೆ ನಿಂತು ಕಣ್ಣು ಹೊಂದಿಕೊಂಡ ಮೇಲೆ, ಚಿನ್ನದ ಗೆರೆಯ ಒಳಗಿನಿಂದ ಟ್ಯೂಲಿಪ್ಪಿನ ಕೆಂಪು ಮೆಲ್ಲನೆ ಮೇಲೇಳುತ್ತದೆ.